ಮುಳ್ಳು ಸುಳ್ಳು ಹೇಳಿದಾಗ

ಟ್ಯಾಂಕಿನಲ್ಲಿ ಇನ್ನೂ ಕಾಲು ಭಾಗ ಪೆಟ್ರೋಲ್ ಇದೆಯೆಂದು ಮಾಪಕದ ಮುಳ್ಳು ತೋರಿಸುತ್ತಿರುತ್ತದೆ. ಆದರೂ ಕಾರು ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ನೋಡಿದರೆ ಟ್ಯಾಂಕು ಬರಿದು! ಹೊಸ ಮಾಪಕ ತಂದು ಕೂರಿಸಿದರೂ ಮುಳ್ಳು ಅದೇ ಸುಳ್ಳನ್ನು ಹೇಳುತ್ತದೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಒಡೆಯರಿಗೆ ಇದು ಚಿರಪರಿಚಿತ ಫಜೀತಿ.

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಇಂಥ ಕಾರುಗಳಲ್ಲಿ ಹೆಸರುವಾಸಿ. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅದರ 1798 ಸಿ.ಸಿ. ಎಂಜಿನ್ ಮತ್ತು ನಮ್ಮ ಅಂಬಾಸಿಡರ್‌ನಲ್ಲಿದ್ದ 1489 ಸಿ.ಸಿ. ಎಂಜಿನ್ ಒಂದೇ ವಂಶದವು. ವಿದ್ಯುತ್ ಉಪಕರಣಗಳು ಲ್ಯೂಕಾಸ್ ಕಂಪೆನಿಯವು. ದೀಪ ಕೈಕೊಟ್ಟಾಗಲೆಲ್ಲ ಅದರ ಸ್ಥಾಪಕನನ್ನು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುವುದು ರೂಢಿ. ಆದರೆ ಇಷ್ಟು ವಯಸ್ಸಾದ ಕಾರಿನಲ್ಲಿ ಬಹುಪಾಲು ತೊಂದರೆಗೆ ಕಿಲುಬು ಹಿಡಿದ ಜೋಡಣೆಗಳೇ ಕಾರಣ.

ಓಮ್ ನಿಯಮದ ಪಾಠ

ಕಾರಿನಲ್ಲಿ ಬ್ಯಾಟರಿಯಿಂದ ದೀಪಕ್ಕೆ ಒಂದೇ ತಂತಿ ಹೋಗುತ್ತದೆ. ವಿದ್ಯುತ್ ಹಿಂತಿರುಗುವುದು ಕಾರಿನ ಉಕ್ಕಿನ ಮೈ ಮೂಲಕ. ಈ ಸಂಪರ್ಕಕ್ಕೆ ‘ಅರ್ಥ್’ ಎನ್ನುತ್ತಾರೆ. 12 ವೋಲ್ಟ್, 60 ವಾಟ್‌ನ ದೀಪದಲ್ಲಿ 5 ಆಂಪಿಯರ್ ಪ್ರವಾಹ ಹರಿಯುತ್ತದೆ. ಅದರ ರೋಧ 2.4 ಓಮ್. ಅರ್ಥ್ ತುಕ್ಕು ಹಿಡಿದು ಕೇವಲ 0.6 ಓಮ್ ರೋಧ ಸೇರಿತೆನ್ನಿ. ಒಟ್ಟು ರೋಧ 3 ಓಮ್, ಪ್ರವಾಹ 4 ಆಂಪಿಯರ್. ದೀಪಕ್ಕೆ ಉಳಿಯುವುದು 9.6 ವೋಲ್ಟ್, ಸುಮಾರು 38 ವಾಟ್ ಮಾತ್ರ. ದೀಪ ಮಂಕಾಗದೆ ಇನ್ನೇನಾದೀತು? ಬಲ್ಬು ಬದಲಿಸುವುದು ದಂಡ. ಉಪ್ಪುಕಾಗದದಿಂದ ತುಕ್ಕು ಉಜ್ಜಿದರೆ ಸಾಕು.

ಹತ್ತು ವೋಲ್ಟಿನ ಕಾವಲುಗಾರ

ಬ್ಯಾಟರಿಯ ವೋಲ್ಟೇಜ್ ಸದಾ ಏರಿಳಿಯುತ್ತಿರುತ್ತದೆ. ಮಾಪಕಗಳು ಅದಕ್ಕೆ ತಕ್ಕಂತೆ ಕುಣಿಯಬಾರದೆಂದು ಡ್ಯಾಶ್‌ಬೋರ್ಡಿನ ಹಿಂದೆ ಸ್ಟೆಬಿಲೈಸರ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ಒಳಗಿರುವುದು ಭೌತವಿಜ್ಞಾನದ ಪಾಠದಲ್ಲಿ ಬರುವ ದ್ವಿಲೋಹ ಪಟ್ಟಿ. ಕಾದಾಗ ಬಾಗಿ ಸಂಪರ್ಕ ಬಿಡುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಹೀಗೆ ಸರಾಸರಿ 10 ವೋಲ್ಟ್ ದೊರೆಯುತ್ತದೆ. ಈ ಡಬ್ಬಿಯ ಅರ್ಥ್ ಕಡಿದುಹೋದರೆ ಪಟ್ಟಿ ಕಾಯುವುದೇ ಇಲ್ಲ. ಆಗ ಬ್ಯಾಟರಿಯ ಪೂರ್ಣ ವೋಲ್ಟೇಜ್ ಮಾಪಕಗಳಿಗೆ ನುಗ್ಗುತ್ತದೆ. ಪೆಟ್ರೋಲ್ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ!

ಹುಡುಕುವ ಕ್ರಮ

ಮೊದಲು ಬ್ಯಾಟರಿ ಅಳೆಯಬೇಕು. ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ಇರುತ್ತದೆ. ಆಮೇಲೆ ಫ್ಯೂಸು, ಅನಂತರ ಅರ್ಥ್.

ಪೆಟ್ರೋಲ್ ಮತ್ತು ಉಷ್ಣತೆಯ ಮಾಪಕಗಳೆರಡೂ ವಿದ್ಯುತ್ತಿನವಾಗಿದ್ದು, ಎರಡೂ ಒಟ್ಟಿಗೆ ತಪ್ಪು ತೋರಿಸಿದರೆ ಅನುಮಾನ ಸ್ಟೆಬಿಲೈಸರ್ ಮೇಲೆ. ಒಂದು ಮಾತ್ರ ತಪ್ಪಿದರೆ ಆ ಮಾಪಕ, ಅದರ ತಂತಿ ಇಲ್ಲವೇ ಸೆಂಡರ್ ಎಂಬ ಸಂವೇದಕವನ್ನು ನೋಡಬೇಕು. ಎಂಜಿನ್ನಿನ ಉಷ್ಣತೆಯ ಸೆಂಡರ್‌ನಿಂದ ತಂತಿ ಬಿಡಿಸಿ ಕ್ಷಣಕಾಲ ಮೈಗೆ ತಾಗಿಸಿದಾಗ ಮುಳ್ಳು ಮೇಲೇರಿದರೆ, ಮಾಪಕವೂ ತಂತಿಯೂ ಸರಿಯಾಗಿವೆ, ಕೆಟ್ಟಿರುವುದು ಸೆಂಡರ್. ತಂತಿಯ ಜಾಡು ಹಿಡಿಯಲು ಬಣ್ಣಗಳೇ ನಕ್ಷೆ: ಕಪ್ಪು ಎಂದರೆ ಅರ್ಥ್, ಕಂದು ಎಂದರೆ ಸದಾ ವಿದ್ಯುತ್ ಇರುವ ತಂತಿ, ಹಸಿರು ಎಂದರೆ ಕೀಲಿ ತಿರುಗಿಸಿದಾಗ ಫ್ಯೂಸ್ ಮೂಲಕ ವಿದ್ಯುತ್ ಬರುವ ತಂತಿ.

ಎಚ್ಚರಿಕೆಯ ಮಾತುಗಳು ಎರಡು. ಪೆಟ್ರೋಲ್ ಟ್ಯಾಂಕಿನ ಬಳಿ ಒಂದು ಕಿಡಿಯೂ ಅಪಾಯ. ಆ ಕೆಲಸ ನುರಿತ ಮೆಕ್ಯಾನಿಕ್‌ಗೆ ಸೇರಿದ್ದು. ಎರಡನೆಯದಾಗಿ, 1967ರವರೆಗಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಧನ ತುದಿ ಮೈಗೆ ಸೇರಿರುತ್ತದೆ. ಇದನ್ನರಿಯದೆ ಹೊಸ ರೇಡಿಯೊ ಜೋಡಿಸಿದರೆ ಸುಟ್ಟುಹೋದೀತು.

ಇದಕ್ಕೆಲ್ಲ ಬೇಕಾದ ಮುಖ್ಯ ಸಲಕರಣೆ ಒಂದು ಸಾಧಾರಣ ಮಲ್ಟಿಮೀಟರ್. ಮಕ್ಕಳ ಕೈಗೆ ಅದನ್ನು ಕೊಟ್ಟು, ಮನೆಯ ಹಳೆಯ ಟಾರ್ಚಿನ ಮೇಲೆ ಅಳೆಯಲು ಕಲಿಸಿದರೂ ಆದೀತು. ಬಿಡಿಭಾಗ ಕೊಳ್ಳುವ ಮೊದಲು ಅಳೆದು ನೋಡುವ ಅಭ್ಯಾಸ ಜೇಬಿಗೂ ಹಿತ, ಬುದ್ಧಿಗೂ ಹಿತ.