ನಡೆ ಬ್ಯಾನರ್ಜಿಯದು, ಹೆಸರು ಗ್ರ್ಯೂನ್‌ಫೆಲ್ಡ್‌ರದು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಕ್ಕಳು ಚೆಸ್ ಪುಸ್ತಕದಲ್ಲಿ ಓದುವ ‘ಗ್ರ್ಯೂನ್‌ಫೆಲ್ಡ್ ಡಿಫೆನ್ಸ್’ನ ತಿಳಿದಿರುವ ಮೊದಲ ಆಟ ನಡೆದದ್ದು ಯುರೋಪಿನಲ್ಲಲ್ಲ, ಕಲ್ಕತ್ತೆಯಲ್ಲಿ! 1855ರಲ್ಲಿ ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನ್ ಎದುರು ಕಪ್ಪು ಕಾಯಿ ಹಿಡಿದ ಮಹೇಶಚಂದ್ರ ಬ್ಯಾನರ್ಜಿ ಹೀಗೆ ಆಡಿ ಸೋತರು.

ನಮ್ಮ ಹಳೆಯ ಚದುರಂಗದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಸಾಮಾನ್ಯವಾಗಿ ಒಂದೇ ಮನೆ. ಹಾಗಾಗಿ ನಡುಮನೆಗಳಿಗೆ ನುಗ್ಗದೆ, ಒಂಟೆಯನ್ನು ಮೂಲೆಯ ಬಳಿ ಕೂರಿಸಿ ದೂರದಿಂದಲೇ ಗುರಿಯಿಡುವುದು ಇಲ್ಲಿನವರ ರೂಢಿ. ಎದುರಾಳಿ ನಡುವೆ ಕಾಲಾಳುಗಳ ಕೋಟೆ ಕಟ್ಟಲಿ, ಆಮೇಲೆ ಕೆಡವಿದರಾಯಿತು!

1922ರಲ್ಲಿ ಆಸ್ಟ್ರಿಯದ ಅರ್ನ್ಸ್ಟ್ ಗ್ರ್ಯೂನ್‌ಫೆಲ್ಡ್ ಇದನ್ನೇ ಆಡಿ ಪ್ರಸಿದ್ಧಿಗೆ ತಂದರು. ಹೆಸರು ಅವರದಾಯಿತು. ಆದರೂ ‘ಕಿಂಗ್ಸ್ ಇಂಡಿಯನ್’, ‘ನಿಮ್ಜೋ ಇಂಡಿಯನ್’ ಎನ್ನುವಾಗಲೆಲ್ಲ ಬ್ಯಾನರ್ಜಿಯವರ ನಾಡಿನ ಹೆಸರು ಜಗತ್ತಿನ ಬಾಯಲ್ಲಿದೆ.