ಹಿತ್ತಲ ಹಾಪ್ಸ್ ಬಳ್ಳಿ, ಹಂಚಿಕೊಂಡ ಬೇರು



ಕಾಫಿ, ಅಡಿಕೆ, ಮೆಣಸುಗಳ ಮಾತಿಗೆ ಮೀಸಲಾದ ನಮ್ಮ ಈ ಪತ್ರಿಕೆಯಲ್ಲಿ ಬಿಯರಿಗೆ ಹಾಕುವ ಒಂದು ಬಳ್ಳಿಯ ಪ್ರಸ್ತಾಪವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಹಿರಿಯ ಸದಸ್ಯರಲ್ಲಿ ಒಬ್ಬಿಬ್ಬರು ಕಾರ್ಯಾಲಯಕ್ಕೇ ಬಂದು ಕೇಳಿಯಾರು. ಲೇಖನವನ್ನು ಕೊನೆಯವರೆಗೆ ಓದಿದ ಮೇಲೆ ಕೇಳಬೇಕೆಂದು ಅವರಲ್ಲಿ ನಮ್ಮ ಮೊದಲ ವಿನಂತಿ.

ಹೋದ ವರ್ಷ ಮಾರ್ಚಿಯಲ್ಲಿ, ಕಾಫಿ ಕೊಯ್ಲು ಮುಗಿಸಿ, ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿರುವ ಮಗಳ ಮನೆಗೆ ಎರಡು ತಿಂಗಳ ಮಟ್ಟಿಗೆ ಹೋಗಿದ್ದೆವು. ಅಲ್ಲಿನ ಮನೆಗಳ ಹಿಂದೆ ನಮ್ಮ ಸೌದೆ ಕೊಟ್ಟಿಗೆಯಷ್ಟು ಅಗಲದ ಹಿತ್ತಲು. ಅಷ್ಟರಲ್ಲೇ ಗುಲಾಬಿ, ಆಲೂಗಡ್ಡೆ, ಒಂದು ಸೇಬಿನ ಮರ. ನೆರೆಮನೆಯ ಹಿತ್ತಲಿನಲ್ಲಿ ಮಾತ್ರ ಹದಿನೈದು ಅಡಿ ಎತ್ತರದ ಒಂದು ಕಂಬ, ಅದರಿಂದ ಇಳಿಬಿಟ್ಟ ನಾಲ್ಕು ಹಗ್ಗ, ಕೆಳಗೆ ಬರಿಯ ಮಣ್ಣು. ಏನಿದೆಂದು ಕೇಳಿದಾಗ ಮಗಳು, “ಅಪ್ಪಯ್ಯಾ, ಅದು ಹಾಪ್ಸ್ ಬಳ್ಳಿ. ಈಗ ಮಣ್ಣೊಳಗೆ ಮಲಗಿದೆ. ಮೇ ತಿಂಗಳಲ್ಲಿ ನೋಡಿ” ಎಂದಳು. ಆ ಮನೆಯವರು ನಿವೃತ್ತ ಶಾಲಾ ಮೇಷ್ಟರು. ತಮ್ಮ ಮನೆಯ ಬಿಯರನ್ನು ತಾವೇ ಕಾಯಿಸುವವರು. ಅವರಿಂದ ಒಂದು ತುಂಡು ಬೇರು ಪಡೆಯಬೇಕೆಂದು ನಮ್ಮ ಅಳಿಯಂದಿರು ಎರಡು ವರ್ಷದಿಂದ ಕಾದಿದ್ದರು.

ಬಳ್ಳಿಯ ಗುಣ

ಮೆಣಸು ಬೆಳೆದವರಿಗೆ ಹಾಪ್ಸ್ ಬಳ್ಳಿಯನ್ನು ಪರಿಚಯಿಸುವುದು ಕಷ್ಟವಲ್ಲ. ಇದರ ಶಾಸ್ತ್ರೀಯ ಹೆಸರು ಹ್ಯೂಮುಲಸ್ ಲುಪುಲಸ್. ನಮ್ಮ ಮೆಣಸಿನ ಬಳ್ಳಿ ಗೆಣ್ಣಿನಲ್ಲಿ ಬೇರು ಬಿಟ್ಟು ಹಾಲುವಾಣವನ್ನೋ ಸಿಲ್ವರ್ ಓಕನ್ನೋ ಅಪ್ಪಿಕೊಳ್ಳುತ್ತದೆ. ಹಾಪ್ಸಿಗೆ ಅಂಥ ಬೇರಿಲ್ಲ. ಕಾಂಡದ ಮೇಲಿನ ಕೊಕ್ಕೆಯಂಥ ರೋಮಗಳಿಂದ ಹಗ್ಗವನ್ನು ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಿಕೊಂಡು ಹತ್ತುತ್ತದೆ. ಎದುರು ದಿಕ್ಕಿಗೆ ಸುತ್ತಿದರೆ ತಾನೇ ಬಿಚ್ಚಿಕೊಳ್ಳುತ್ತದೆಯಂತೆ. ಒಂದೇ ಬೇಸಗೆಯಲ್ಲಿ ಐದಾರು ಮೀಟರ್ ಏರಿ, ಚಳಿ ಬಂದೊಡನೆ ನೆಲದ ಮಟ್ಟಕ್ಕೆ ಒಣಗಿ ಹೋಗುತ್ತದೆ. ಬುಡದ ಗಡ್ಡೆಬೇರು ಮಾತ್ರ ವರ್ಷಾನುವರ್ಷ ಉಳಿಯುತ್ತದೆ.

ಕಾಡುಮೆಣಸಿನಲ್ಲಿರುವಂತೆ ಇದರಲ್ಲೂ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೇಕಾದದ್ದು ಹೆಣ್ಣಿನ ಹೂಗೊಂಚಲು. ಹಸಿರು ಕಾಗದವನ್ನು ಪದರಪದರವಾಗಿ ಮಡಿಸಿದಂಥ, ಹೆಬ್ಬೆರಳಿನ ತುದಿಯಷ್ಟು ದಪ್ಪದ ಕಾಯಿ. ಬಿಡಿಸಿ ನೋಡಿದರೆ ಒಳಗೆ ಅರಿಸಿನ ಬಣ್ಣದ ಅಂಟು ಪುಡಿ. ಈ ಪುಡಿಯಲ್ಲೇ ಕಹಿಯೂ ಇದೆ, ಪರಿಮಳವೂ ಇದೆ. ಮೊಳಕೆ ಬಾರ್ಲಿಯ ಸಿಹಿ ಕಷಾಯದಲ್ಲಿ ಇದನ್ನು ಸುಮಾರು ಒಂದು ಗಂಟೆ ಕುದಿಸಿದರೆ ಕಹಿ ಇಳಿಯುತ್ತದೆ. ಕಡೆಯ ನಿಮಿಷಗಳಲ್ಲಿ ಹಾಕಿದ್ದು ಪರಿಮಳ ಕೊಡುತ್ತದೆ. ಒಗ್ಗರಣೆಗೆ ಹೊತ್ತು ನೋಡಿ ಹಾಕುವ ಹಾಗೆಯೇ ಇದೂ. ಕಹಿಯ ಅಂಶ ಕೆಲವು ಬಗೆಯ ಬ್ಯಾಕ್ಟೀರಿಯಾಗಳನ್ನು ತಡೆಯುವುದರಿಂದ ಬಿಯರ್ ಬೇಗ ಹುಳಿಯುವುದಿಲ್ಲ.

ಇಪ್ಪತ್ತು ಇಪ್ಪತ್ತೈದು ಲೀಟರಿನ ಒಂದು ಹಂಡೆಗೆ ಒಣಗಿಸಿದ ಹಾಪ್ಸ್ 30ರಿಂದ 60 ಗ್ರಾಂ ಸಾಕು. ಮನೆ ಬಳಕೆಗೆ ಎರಡು ಬಳ್ಳಿ ಧಾರಾಳವಾಯಿತು.

ಮನೆಯಲ್ಲಿ ಕಾಯಿಸುವ ಹಕ್ಕು

ಇಂಗ್ಲೆಂಡಿನಲ್ಲಿ 1880ರ ಕಾನೂನಿನಿಂದ ಮನೆಯಲ್ಲಿ ಬಿಯರ್ ತಯಾರಿಸಲು ಲೈಸೆನ್ಸ್ ಬೇಕಾಗಿತ್ತು. 1963ರಲ್ಲಿ ಅದನ್ನು ತೆಗೆದುಹಾಕಿದರು. ಸ್ವಂತಕ್ಕೆ ಎಷ್ಟಾದರೂ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಅವರ ಸಹಿಯೊಡನೆ ಕೇಂದ್ರ ಕಾನೂನು ಸಡಿಲವಾಯಿತು. ಇವೆರಡರ ನಂತರವೇ ಹಿತ್ತಲ ಹಾಪ್ಸ್ ಅಲ್ಲಿ ಹಬ್ಬಿದ್ದು. ನಮ್ಮಲ್ಲಿಯಾದರೋ 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಈ ಬರಹವನ್ನು ಓದಿ ಯಾರೂ ಹಂಡೆ ಒಲೆಗೇರಿಸಬಾರದೆಂದು ಕಾರ್ಯದರ್ಶಿಯ ಸ್ಥಾನದಿಂದ ಹೇಳಿಬಿಡುತ್ತೇವೆ.

ಕೆಂಟ್ ಮೊದಲಿನಿಂದಲೂ ಹಾಪ್ಸಿನ ನಾಡು. ಲಂಡನ್ನಿನ ಬಡ ಕುಟುಂಬಗಳು ಸೆಪ್ಟೆಂಬರಿನಲ್ಲಿ ಮಕ್ಕಳು ಮರಿಗಳೊಡನೆ ಬಂದು ಗುಡಿಸಲಲ್ಲಿದ್ದು ಕೊಯ್ಯುತ್ತಿದ್ದರು. ನಮ್ಮಲ್ಲಿ ಕಾಫಿ ಕೊಯ್ಲಿಗೆ ಬಯಲುಸೀಮೆಯವರು ಬಂದಂತೆಯೇ. 1950 ಮತ್ತು 60ರ ದಶಕಗಳಲ್ಲಿ ಕೊಯ್ಲಿನ ಯಂತ್ರಗಳು ಬಂದ ಮೇಲೆ ಆ ಸಂಭ್ರಮ ನಿಂತಿತು. ಹಾಪ್ಸ್ ಒಣಗಿಸುತ್ತಿದ್ದ ಮೊನಚು ತಲೆಯ ಗೂಡುಮನೆಗಳಲ್ಲಿ ಈಗ ಸಂಸಾರಗಳು ವಾಸಿಸುತ್ತವೆ.

ಸಹಕಾರಿಗಳಾದ ನಮ್ಮ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಅಲ್ಲಿನ ಬೆಳೆಗಾರರು 1932ರಲ್ಲಿ ಹಾಪ್ಸ್ ಮಾರ್ಕೆಟಿಂಗ್ ಬೋರ್ಡ್ ಕಟ್ಟಿಕೊಂಡರು. ಬೆಳೆಯೆಲ್ಲ ಬೋರ್ಡಿನ ಮೂಲಕವೇ ಮಾರಾಟ, ಪ್ರತಿಯೊಬ್ಬನಿಗೂ ಕೋಟಾ. ಬ್ರಿಟನ್ ಯುರೋಪಿನ ಸಮುದಾಯಕ್ಕೆ ಸೇರಿದ ಮೇಲೆ ಆ ಏಕಸ್ವಾಮ್ಯ ಅದರ ನಿಯಮಗಳಿಗೆ ಹೊಂದದೆ 1982ರಲ್ಲಿ ಕೊನೆಗೊಂಡಿತು. ನಮ್ಮ ಕಾಫಿ ಪೂಲ್ 1996ರಲ್ಲಿ ಪೂರ್ತಿ ಮುಗಿದದ್ದನ್ನು ಕಂಡ ಸದಸ್ಯರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ತುಂಡು ಬಳ್ಳಿಯ ಉಪಕಾರ

ಬೇರು, ಬಳ್ಳಿ ಹಂಚಿಕೊಳ್ಳುವುದರಿಂದ ಎಷ್ಟು ಒಳ್ಳೆಯದಾಗಬಹುದೆಂಬುದಕ್ಕೆ ಹಾಪ್ಸಿನ ಚರಿತ್ರೆಯಲ್ಲೇ ಉದಾಹರಣೆಯಿದೆ. ಕೆಂಟಿನ ವೈ ಕಾಲೇಜಿನಲ್ಲಿ ಅರ್ನೆಸ್ಟ್ ಸಾಮನ್ ಎಂಬ ಪ್ರಾಧ್ಯಾಪಕರು ಹಾಪ್ಸ್ ತಳಿಗಳ ಅಭಿವೃದ್ಧಿಯಲ್ಲಿ ತೊಡಗಿದ್ದರು. 1916ರಲ್ಲಿ ಕೆನಡಾದ ಮ್ಯಾನಿಟೋಬಾದ ಮಾರ್ಡನ್ ಎಂಬಲ್ಲಿಂದ ಒಂದು ಕಾಡು ಹಾಪ್ಸಿನ ತುಂಡನ್ನು ಅವರಿಗೆ ಕಳಿಸಿಕೊಟ್ಟರು. ಅದರ ಬೀಜದ ಸಸಿಗಳಿಂದ ಆರಿಸಿದ ‘ಬ್ರೂವರ್ಸ್ ಗೋಲ್ಡ್’ ತಳಿ 1934ರಲ್ಲಿ ಬಿಡುಗಡೆಯಾಯಿತು. ಹೆಚ್ಚು ಕಹಿಯಿರುವ ಇಂದಿನ ಎಷ್ಟೋ ತಳಿಗಳ ವಂಶಾವಳಿಯಲ್ಲಿ ಆ ಕಾಡುಬಳ್ಳಿಯ ಅಂಶವಿದೆ. ನಮ್ಮ ಕೇರಿಯಲ್ಲಿ ಪನ್ನಿಯೂರು-1 ಹಬ್ಬಿದ್ದೂ ನರ್ಸರಿಗಳಿಗಿಂತ ಹೆಚ್ಚಾಗಿ ನೆಂಟರ ಮನೆಯಿಂದ ತಂದ ಕುಡಿಗಳಿಂದಲ್ಲವೇ?

ಮೇಷ್ಟರ ಹಿತ್ತಲಿನಲ್ಲಿ ಕಂಡದ್ದು

ಹಾಪ್ಸ್ ಬೇರು ಕೀಳಲು ಮಾರ್ಚಿ ತಿಂಗಳೇ ಸರಿಯಾದ ಕಾಲ. ಬಳ್ಳಿ ಎಚ್ಚರಗೊಳ್ಳುವ ಮುನ್ನ ಬುಡದ ಸುತ್ತ ಮಣ್ಣು ಸರಿಸಿ, ಬೆರಳು ದಪ್ಪದ ಗಡ್ಡೆಬೇರನ್ನು ಗೇಣುದ್ದಕ್ಕಿಂತ ತುಸು ಕಡಿಮೆಯಾಗಿ, ಎರಡು ಮೂರು ಕಣ್ಣಿರುವಂತೆ ಕತ್ತರಿಸುತ್ತಾರೆ. ಎರಡಂಗುಲ ಆಳದಲ್ಲಿ ನೆಡುತ್ತಾರೆ. ಚಿಗುರು ಒತ್ತಾಗಿ ಬಂದಾಗ ಹಗ್ಗಕ್ಕೆ ಎರಡು ಮೂರನ್ನು ಮಾತ್ರ ಬಿಟ್ಟು ಉಳಿದವನ್ನು ಚಿವುಟುತ್ತಾರೆ. ಮೊದಲ ವರ್ಷ ಕಾಯಿ ನಾಲ್ಕು ಕಂಡರೆ ಪುಣ್ಯ, ಮೂರನೆಯ ವರ್ಷಕ್ಕೆ ಪೂರ್ತಿ ಫಸಲು.

ಮೇಷ್ಟರು ಎರಡು ತುಂಡು ಬೇರು ಕತ್ತರಿಸಿದರು. ಮಣ್ಣನ್ನೆಲ್ಲ ನೀರಿನಲ್ಲಿ ತೊಳೆದರು. ಒಂದೊಂದು ಕತ್ತರಿಕೆಗೂ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಕೊಂಡು ತಂದ ಶುದ್ಧ ಮಣ್ಣು ತುಂಬಿದ ಕುಂಡಗಳಲ್ಲಿ ಅವನ್ನು ನೆಟ್ಟು, ತಳಿಯ ಹೆಸರು, ತಾರೀಖು ಬರೆದ ಪಟ್ಟಿ ಚುಚ್ಚಿದರು. ಅಳಿಯಂದಿರು ಕುಂಡಕ್ಕೆ ಕೈ ಚಾಚಿದರು. ಮೇಷ್ಟರು ಕೊಡಲಿಲ್ಲ! ಚಿಗುರು ನೋಡಿದ ಮೇಲೆ ಕೊಡುತ್ತೇನೆ ಎಂದು ತಮ್ಮ ಕಿಟಕಿಯ ಕೆಳಗೇ ಇಟ್ಟುಕೊಂಡರು. ಇದೇನು ಜಿಪುಣತನ ಎಂದು ನಮಗೆ ಆಗ ಅನಿಸಿದ್ದು ನಿಜ.

ಏಪ್ರಿಲ್ ಕೊನೆಯಲ್ಲಿ ಚಿಗುರು ಬಂತು. ಒಂದು ಕುಂಡದ್ದು ನೆಟ್ಟಗೆ ಹಗ್ಗ ಹುಡುಕುತ್ತಿತ್ತು. ಇನ್ನೊಂದರ ಚಿಗುರು ಗಿಡ್ಡ, ಬಿಳಿಚು, ಎಲೆಗಳು ಕೆಳಮುಖವಾಗಿ ಸುರುಟಿಕೊಂಡಿದ್ದವು. ಮುಟ್ಟಿದರೆ ಚಟ್ಟನೆ ಮುರಿಯುತ್ತಿತ್ತು. ಇದು ಹಾಪ್ಸಿನ ಬೂಜುರೋಗ, ಬುಡದ ಕಣ್ಣುಗಳಲ್ಲೇ ಚಳಿಗಾಲ ಕಳೆದು ಚಿಗುರಿನೊಡನೆ ಮೇಲೇರುವ ಜಾತಿಯದು ಎಂದು ಅವರು ವಿವರಿಸಿದರು. ನಮ್ಮ ಮೆಣಸಿನ ಶೀಘ್ರ ಸೊರಗು ರೋಗ, ಅಡಿಕೆಯ ಕೊಳೆರೋಗಗಳನ್ನು ತರುವ ಸೂಕ್ಷ್ಮಜೀವಿಗಳ ಬಳಗಕ್ಕೇ ಇದೂ ಸೇರಿದ್ದು. ಅಲ್ಲಿಯೂ ಹಿಂದಿನಿಂದ ತಾಮ್ರದ ದ್ರಾವಣವನ್ನೇ ಹೊಡೆಯುತ್ತಾ ಬಂದಿದ್ದಾರೆ.

ಮೇಷ್ಟರು ಆ ಕುಂಡವನ್ನು ಸುಟ್ಟುಹಾಕಿದರು. ಎರಡೂ ಒಂದೇ ತಾಯಿಬಳ್ಳಿಯವು ಎಂಬ ಕಾರಣಕ್ಕೆ ಚೆನ್ನಾಗಿದ್ದ ಕುಂಡವನ್ನೂ ಕೊಡಲಿಲ್ಲ. ಬರಿಗೈಯಲ್ಲಿ ನಿಂತ ಅಳಿಯಂದಿರನ್ನು ಮುಂದಿನ ಬೀದಿಯ ಒಬ್ಬ ಹೆಂಗಸಿನ ಮನೆಗೆ ಕರೆದೊಯ್ದು, ಅಲ್ಲಿ ಕುಂಡದಲ್ಲಿ ನಿರೋಗಿಯಾಗಿ ಬೆಳೆದಿದ್ದ ಒಂದು ಸಸಿಯನ್ನು ಕೊಡಿಸಿದರು. ಸುತ್ತಲೂ ಹಾಪ್ಸನ್ನೇ ನಂಬಿದ ತೋಟಗಳಿವೆ, ಹಿತ್ತಲ ಹವ್ಯಾಸಕ್ಕೆ ರೈತನ ಬೆಳೆ ಬಲಿಯಾಗಬಾರದು ಎಂಬುದು ಅವರ ಮಾತು.

ಆ ಭಯಕ್ಕೆ ಕಾರಣವಿದೆ. 1924ರಲ್ಲಿ ಕೆಂಟಿನಲ್ಲಿ ಮೊದಲು ಕಂಡ ವರ್ಟಿಸಿಲಿಯಂ ಎಂಬ ಶಿಲೀಂಧ್ರದ ಸೊರಗು ರೋಗ, ಮಣ್ಣಿನ ಮೂಲಕ, ಸಲಕರಣೆಗಳ ಮೂಲಕ ಹಬ್ಬಿ ತೋಟಗಳನ್ನೇ ಬರಿದು ಮಾಡಿತು. ಅಮೆರಿಕದ ವಾಯವ್ಯದ ಹಾಪ್ಸ್ ಸೀಮೆಯಲ್ಲಿ 1997ರಲ್ಲಿ ಬೂದಿರೋಗ ಕಾಣಿಸಿಕೊಂಡು ಬೆಳೆಗಾರರ ಸಿಂಪಡಣೆಯ ಖರ್ಚೇ ಏರಿಹೋಯಿತು. ಹೊರಗಿನ ಹಾಪ್ಸ್ ಬೇರು ತರುವುದರ ಮೇಲೆ ಅಲ್ಲಿನ ರಾಜ್ಯಗಳ ನಿರ್ಬಂಧವಿದೆ.

ನಮ್ಮದೇ ಒಂದು ತಪ್ಪು

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕಾರಣವನ್ನು ಇಲ್ಲಿ ಹೇಳಿಕೊಳ್ಳುವುದೇ ಈ ಬರಹದ ಉದ್ದೇಶ.

2008ರಲ್ಲಿ ನಮ್ಮ ನರ್ಸರಿಯಿಂದ ಬೇರು ಬಂದ ಮುನ್ನೂರು ಮೆಣಸಿನ ಕುಡಿಗಳನ್ನು, ತೊಟ್ಟೆ ಸಮೇತ, ಪಕ್ಕದ ತೋಟದ ಹಿರಿಯರಿಗೆ ಕೊಟ್ಟೆವು. ಚಿಕ್ಕಂದಿನಿಂದ ನಾವು ಮಾವ ಎಂದೇ ಕರೆಯುತ್ತಿದ್ದವರು. ಹಣ ತೆಗೆದುಕೊಳ್ಳಲಿಲ್ಲ, ಕೊಟ್ಟೆವೆಂಬ ಹೆಮ್ಮೆ ಬೇರೆ. ಮರುವರ್ಷದ ಆಷಾಢದಲ್ಲಿ ಆ ಬಳ್ಳಿಗಳ ಎಲೆ ಕಪ್ಪಾಗಿ ಉದುರಿತು. ಮಳೆಗಾಲ ಮುಗಿಯುವುದರೊಳಗೆ, ಅವರ ತಂದೆಯವರ ಕಾಲದ ಹಳೆಯ ಬಳ್ಳಿಗಳೂ ಗೆಣ್ಣು ಕಳಚಿ ಕೆಳಗೆ ಬಿದ್ದವು. ನೋಡಲು ಹೋದಾಗ, “ನೀನೇನು ಮಾಡ್ತೀಯ ಮಾರಾಯ, ಮಳೆ ಹಾಗೆ ಹೊಡೀತು” ಎಂದು ಕಾಫಿ ಕೊಟ್ಟು ಕಳಿಸಿದರು.

ತೊಟ್ಟೆಗೆ ತುಂಬಿದ ಮಣ್ಣನ್ನು ಎಲ್ಲಿಂದ ತೆಗೆಸಿದ್ದೆವೆಂದು ನಮಗೆ ಗೊತ್ತಿತ್ತು. ಹಿಂದಿನ ಮಳೆಗಾಲದಲ್ಲಿ ನಾಲ್ಕು ಬಳ್ಳಿ ಸತ್ತಿದ್ದ ಮೂಲೆಯ ಮಣ್ಣು ಅದು. ಗೊಬ್ಬರದಂತೆ ಕಪ್ಪಗಿತ್ತು, ಅಗೆಯಲು ಹತ್ತಿರವಿತ್ತು. ಪದವಿ ಓದಿದವರು, ರೋಗದ ಹೆಸರು ಬಲ್ಲವರು ಮಾಡಿದ ಕೆಲಸ ಇದು. ಮಾವನವರು ತೀರಿಕೊಳ್ಳುವವರೆಗೂ ಅವರೆದುರು ಆ ಮಾತು ನಮ್ಮ ಬಾಯಿಂದ ಹೊರಡಲಿಲ್ಲ. ಅವರ ಮಗ ಇಂದು ನಮ್ಮ ಸಂಘದ ಸದಸ್ಯರು. ಈ ಬರಹ ಅಚ್ಚಿಗೆ ಹೋಗುವ ಮುನ್ನ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಬಂದಿದ್ದೇವೆ. “ಅಪ್ಪನಿಗೆ ಗೊತ್ತಿತ್ತು” ಎಂದಷ್ಟೇ ಅವರು ಹೇಳಿದರು.

ಇಲ್ಲಿ ಹಾಪ್ಸ್ ಬೆಳೆಯಬಹುದೇ?

ಊರಿಗೆ ಬಂದಾಗಿನಿಂದ ಕೆಲವು ತರುಣರು ಕೇಳುತ್ತಿದ್ದಾರೆ. ನಮ್ಮ ಉತ್ತರ, ಬೇಡ. ಹಾಪ್ಸ್ ಬೆಳೆಯ ಸೀಮೆ ಹೆಚ್ಚಾಗಿ 35ರಿಂದ 55 ಡಿಗ್ರಿ ಅಕ್ಷಾಂಶದೊಳಗಿದೆ. ಬಳ್ಳಿ ಏರಬೇಕಾದರೆ ದೀರ್ಘ ಹಗಲು ಬೇಕು. ಕೆಂಟಿನ ಜೂನ್ ತಿಂಗಳ ಹಗಲು ಹದಿನಾರು ಗಂಟೆ ಮೀರುತ್ತದೆ, ನಮ್ಮದು ಹದಿಮೂರು ದಾಟದು. ಇಲ್ಲಿ ನೆಟ್ಟರೆ ಏರುವ ಮೊದಲೇ ಹೂಬಿಟ್ಟು ಕುಗ್ಗುತ್ತದೆ. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಂಥ ಕಡೆ ಬೆಳೆದದ್ದುಂಟು. ಅಲ್ಲಿನ ಚಳಿ, ಒಣಹವೆ ನಮ್ಮ ಮಲೆನಾಡಿನಲ್ಲಿಲ್ಲ. ಹೊರದೇಶದಿಂದ ಬೇರನ್ನು ಪೆಟ್ಟಿಗೆಯಲ್ಲಿಟ್ಟು ತರುವುದಂತೂ 2003ರ ಸಸ್ಯ ಸಂಪರ್ಕ ನಿಷೇಧ ಆದೇಶಕ್ಕೆ ವಿರುದ್ಧ. ಪರವಾನಗಿ, ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಮಗಳು ಒಂದು ತುಂಡು ಕಟ್ಟಿಕೊಡುತ್ತೇನೆಂದಾಗ ನಾವು ಬೇಡವೆಂದೆವು.

ಸದಸ್ಯರಲ್ಲಿ ವಿನಂತಿ

ಬಳ್ಳಿ ಬೇಡ, ಆದರೆ ಮೇಷ್ಟರ ಕ್ರಮವನ್ನು ತರಬಹುದು. ಪ್ರತಿ ಮುಂಗಾರಿಗೆ ನಮ್ಮ ಸದಸ್ಯರು ಮೆಣಸಿನ ಕುಡಿ, ಏಲಕ್ಕಿ ಗಡ್ಡೆಗಳನ್ನು ಪರಸ್ಪರ ಕೊಟ್ಟುಕೊಳ್ಳುತ್ತಾರೆ. ಈ ಒಳ್ಳೆಯ ಪದ್ಧತಿ ನಿಲ್ಲಬಾರದು. ಏಲಕ್ಕಿಯ ಕಟ್ಟೆ ರೋಗ ಗಡ್ಡೆಯೊಡನೆಯೇ ತೋಟದಿಂದ ತೋಟಕ್ಕೆ ಹೋಗುವುದೆಂಬುದನ್ನು ಮಾತ್ರ ಮರೆಯದಿರೋಣ.

ಮೂರು ವರ್ಷ ರೋಗ ಕಾಣದ ಬಳ್ಳಿಯಿಂದಲೇ ಕುಡಿ ತೆಗೆಯಿರಿ. ಸತ್ತ ಬಳ್ಳಿಯ ಹತ್ತಿರದ ಮಣ್ಣನ್ನು ತೊಟ್ಟೆಗೆ ತುಂಬಬೇಡಿ. ನರ್ಸರಿ ಮಣ್ಣನ್ನು ಬೇಸಗೆಯಲ್ಲಿ ತೆಳುವಾಗಿ ಹರಡಿ, ನೀರು ಚಿಮುಕಿಸಿ, ಪಾಲಿಥಿನ್ ಹಾಳೆ ಹೊದಿಸಿ, ನಾಲ್ಕಾರು ವಾರ ಬಿಸಿಲಿಗೆ ಬಿಡಿ. ಚಾಕುವನ್ನು ಬಳ್ಳಿಯಿಂದ ಬಳ್ಳಿಗೆ ಶುದ್ಧ ಮಾಡಿ. ತೊಟ್ಟೆಯ ಮೇಲೆ ತಳಿ, ತಾರೀಖು, ಕೊಟ್ಟವರ ಹೆಸರು ಇರಲಿ. ಹೊಸ ಎಲೆ ಮೂಡಿದ್ದನ್ನು ಕಣ್ಣಾರೆ ನೋಡಿದ ಮೇಲೆ ಕೊಡಿ. ಸಂಶಯವಿದ್ದರೆ, ಎದುರಿಗಿರುವವರು ಸ್ವಂತ ಅಣ್ಣನೇ ಆಗಿರಲಿ, ಇಲ್ಲವೆನ್ನಿ.

ಈ ಮುಂಗಾರಿಗೆ ಕುಡಿ ಕೊಡುವವರು, ಬೇಕಾದವರು ಇಬ್ಬರೂ ಸಂಘದ ಕಾರ್ಯಾಲಯದಲ್ಲಿ ಹೆಸರು ಬರೆಸಬೇಕು. ಅದಕ್ಕಾಗಿ ಒಂದು ಪ್ರತ್ಯೇಕ ಪುಸ್ತಕ ತೆರೆದಿದ್ದೇವೆ. ಅದರ ಮೊದಲ ಸಾಲಿನಲ್ಲಿ ಮಾವನವರ ಮಗನಿಗೆ ನಾವು ಕೊಡಲಿರುವ ಮುನ್ನೂರು ಕುಡಿಗಳ ಲೆಕ್ಕವಿದೆ. ಅವು ಈಗ ನಮ್ಮ ಮನೆಯ ಮುಂದೆ, ಬಿಸಿಲಿಗೆ ಹಾಕಿದ ಮಣ್ಣಿನಲ್ಲಿ, ಎರಡನೆಯ ಎಲೆ ಬಿಡುತ್ತಿವೆ.

ಸೆಪ್ಟೆಂಬರಿನಲ್ಲಿ ಮಗಳು ಫೋನಿನಲ್ಲಿ ಚಿತ್ರ ಕಳಿಸಿದ್ದಳು. ಅವರ ಬಳ್ಳಿಯ ಮೊದಲ ಫಸಲು ಅಂಗೈಯಷ್ಟು, ಹನ್ನೊಂದು ಕಾಯಿ. ಹಂಡೆಗೆ ಸಾಲದು. ಮೇಷ್ಟರು ಬಂದು ಒಂದನ್ನು ಬಿಡಿಸಿ ಮೂಸಿ ನೋಡಿ, ಚೆನ್ನಾಗಿದೆ ಎಂದರಂತೆ.