ಸೆಕ್ಷನ್ನಿನಲ್ಲಿ ಹುಟ್ಟುವ ಮನೆ

ಬೆಲ್ಲದ ಬಾಗೇವಾಡಿ ಕಡೆಯ ಕಬ್ಬಿನ ಹೊಲಗಳ ನಡುವೆ ಮನೆ ಕಟ್ಟುವವರಿಗೆ ನೆಲದ ಚಿಂತೆ ಕಡಿಮೆ. ಎರೆ ಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಪಾಯ ಆಳಕ್ಕೆ ಇಳಿಸಬೇಕು. ಅಷ್ಟಾದರೆ ಉಳಿದದ್ದನ್ನು ಗೌಂಡಿ ನೋಡಿಕೊಳ್ಳುತ್ತಾನೆ. ನಾಲ್ಕು ಗೂಟ ಬಡಿದು ಸುಣ್ಣದ ಗೆರೆ ಎಳೆದರೆ ಪ್ಲಾನ್ ನೆಲದ ಮೇಲೇ ಮೂಡುತ್ತದೆ. ಅಲ್ಲಿಂದ ಘಟಪ್ರಭಾ ಊರಿನ ಮೇಲೆ ಹಾದು ಗೋಕಾಕ ಫಾಲ್ಸಿಗೆ ಬನ್ನಿ, ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕುದುರೆ ಲಾಳದಂತೆ ಬಾಗಿದ ಮರಳುಗಲ್ಲಿನ ಅಂಚಿನಿಂದ ಘಟಪ್ರಭಾ ನದಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಸುಣ್ಣದ ಗೆರೆ ಎಳೆಯಲು ಅಲ್ಲಿ ನೆಲವೇ ಇಲ್ಲ.

ವಾಸ್ತುಶಿಲ್ಪ ಓದುವವರಿಗೆ ಸ್ಟುಡಿಯೋದಲ್ಲಿ ಇಂಥ ಜಾಗವನ್ನೇ ಹುಡುಕಿ ಕೊಡುವುದುಂಟು: ಪ್ರಪಾತದ ಅಂಚಿಗೆ ಹತ್ತು ಹನ್ನೆರಡು ಜನ ತಂಗುವಂಥ ವಿಶ್ರಾಂತಿಧಾಮ ಮಾಡಿ ತೋರಿಸಿ ಎಂದು. ಕಾಗದದ ಮೇಲಷ್ಟೇ. ಫಾಲ್ಸಿನ ನೆತ್ತಿಯ ಮೇಲೆ ನಿಜವಾಗಿ ರಿಸಾರ್ಟ್ ಕಟ್ಟುತ್ತೇನೆಂದು ಯಾರಾದರೂ ಬಂದರೆ ಅಡ್ಡ ನಿಲ್ಲುವವರಲ್ಲಿ ನಾನೂ ಒಬ್ಬ. ಆದರೆ ಕಲಿಕೆಗೆ ಇದರಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ.

ಮೊದಲ ತೊಡಕು ಅಳತೆಯದ್ದು. 1:50,000 ಪ್ರಮಾಣದ ಟೋಪೋಶೀಟಿನಲ್ಲಿ, ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂಟೂರ್ ಗೆರೆಗಳ ನಡುವಿನ ಎತ್ತರ ಸಾಮಾನ್ಯವಾಗಿ 20 ಮೀಟರ್. ಅಂದರೆ ಇಡೀ ಜಲಪಾತ ಎರಡು ಮೂರು ಗೆರೆಗಳಲ್ಲಿ ಮುಗಿದುಹೋಯಿತು. ಅದನ್ನು ನಂಬಿ ಮನೆ ಬರೆದರೆ ಬಚ್ಚಲು ಗಾಳಿಯಲ್ಲಿ, ಮೆಟ್ಟಿಲು ಬಂಡೆಯೊಳಗೆ. ಹಾಗಾಗಿ ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣದಲ್ಲೋ ಡ್ರೋನ್ ಚಿತ್ರಗಳಿಂದಲೋ ಮೀಟರಿಗೊಂದು ಗೆರೆ ತೆಗೆಯುತ್ತಾರೆ. ಆಮೇಲೆ 1:200 ಪ್ರಮಾಣದ ಮಾಡೆಲ್. ಒಂದು ಮೀಟರಿಗೆ ಐದು ಮಿಲಿಮೀಟರ್ ದಪ್ಪದ ಒಂದು ಸನ್‌ಬೋರ್ಡ್ ಹಾಳೆ. ಫಾಲ್ಸಿನ ಎತ್ತರಕ್ಕೆ 52 ಹಾಳೆ, ಮೇಜಿನ ಮೇಲೆ 26 ಸೆಂಟಿಮೀಟರ್. ಒಂದೊಂದನ್ನೂ ಕಂಟೂರಿನ ಗುಂಟ ಕಟ್ಟರಿನಲ್ಲಿ ಕತ್ತರಿಸಿ, ಅಂಟಿಸಿ, ಮತ್ತೊಂದನ್ನು ಏರಿಸುವುದು. ಕಂಪ್ಯೂಟರಿನಲ್ಲಿ ಇದೇ ಕೆಲಸ ಕ್ಷಣಾರ್ಧದಲ್ಲಿ ಆಗುತ್ತದೆ, ನಿಜ. ಆದರೆ ಯಾವ ಹಾಳೆ ಎಲ್ಲಿ ಒಳಗೆ ಸರಿಯಿತು, ಎಲ್ಲಿ ಹೊರಗೆ ಚಾಚಿತು ಎಂಬುದು ಕತ್ತರಿಸಿದ ಕೈಗೆ ನೆನಪಿರುತ್ತದೆ. ಮೌಸಿಗೆ ಆ ನೆನಪಿಲ್ಲ.

ಬಯಲಿನ ಮನೆ ಪ್ಲಾನಿನಲ್ಲಿ ಹುಟ್ಟಿದರೆ ಪ್ರಪಾತದ ಮನೆ ಹುಟ್ಟುವುದು ಸೆಕ್ಷನ್ನಿನಲ್ಲಿ. ಬಂಡೆಯನ್ನೂ ಕಟ್ಟಡವನ್ನೂ ಒಟ್ಟಿಗೆ ಮೇಲಿಂದ ಕೆಳಕ್ಕೆ ಸೀಳಿ, ಸೀಳಿದ ಮುಖವನ್ನು ಬರೆಯುವುದೇ ಸೆಕ್ಷನ್. ಒಳ್ಳೆಯ ಹಾಳೆಯೊಂದನ್ನು ಹತ್ತಿರದಿಂದ ನೋಡಿದರೆ ಅತಿ ದಪ್ಪ ಗೆರೆ ಗೋಡೆಯದ್ದಲ್ಲ, ಬಂಡೆಯ ಅಂಚಿನದ್ದು. ಅದರೊಳಗೆ ಮರಳುಗಲ್ಲಿನ ಅಡ್ಡ ಪದರಗಳು ತೆಳುವಾಗಿ, ನಡುನಡುವೆ ಲಂಬ ಬಿರುಕುಗಳು ಮುರಿದ ಗೆರೆಯಲ್ಲಿ. ಕೋಣೆಯ ಸ್ಲ್ಯಾಬು ಆ ಪದರಗಳ ಒಳಕ್ಕೆ ಎಷ್ಟು ದೂರ ಹೊಕ್ಕಿದೆ ಎಂಬುದೇ ಹಾಳೆಯ ಜೀವಾಳ. ಒಂದು ಮೊಳ ಹೊರಗೆ ಚಾಚಿದರೆ ಎರಡು ಮೊಳ ಒಳಗೆ ಹಿಡಿತ ಇರಲಿ ಎನ್ನುವುದು ಕೈಲೆಕ್ಕ. ಉಳಿದದ್ದು ಸ್ಟ್ರಕ್ಚರಲ್ ಎಂಜಿನಿಯರನ ಪಾಲಿಗೆ. ಬಂಡೆಗೆ ರಂಧ್ರ ಕೊರೆದು, ಉಕ್ಕಿನ ಸರಳು ಇಳಿಸಿ, ಸಿಮೆಂಟಿನ ಗ್ರೌಟ್ ತುಂಬಿ ಬಿಗಿದ ರಾಕ್ ಬೋಲ್ಟುಗಳೂ ಅಲ್ಲೇ ಕಾಣಬೇಕು. ಬೋಲ್ಟು ಬಿರುಕಿನಲ್ಲೇ ನಿಂತಿದ್ದರೆ ಮೇಷ್ಟರು ಪೆನ್ಸಿಲಿನಿಂದ ಒಂದು ಸುತ್ತು ಹಾಕುತ್ತಾರೆ, ಮಾತಾಡುವುದಿಲ್ಲ.

ಹೊರಚಾಚಿನ ಮೋಹ ಎಂಥವರನ್ನೂ ಬಿಟ್ಟಿಲ್ಲ. ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಿನ್ಯಾಸ ಮಾಡಿದ ಫಾಲಿಂಗ್‌ವಾಟರ್ ಮನೆಯನ್ನೇ ನೋಡಿ. ಕಲ್ಲು ಅಲ್ಲಿಯದೇ ಮರಳುಗಲ್ಲು. ನಡುಮನೆಯ ಒಲೆಯ ಮುಂದೆ ಮೂಲ ಬಂಡೆಯೇ ನೆಲದಿಂದ ಎದ್ದು ನಿಂತಿದೆ. ಮನೆಯವರು ಜಲಪಾತ ಕಾಣುವ ಮನೆ ಬಯಸಿದ್ದರು, ರೈಟ್ ಜಲಪಾತದ ಮೇಲೇ ಮನೆ ಕೂರಿಸಿದ. ಆದರೆ ಸೆಂಟ್ರಿಂಗ್ ತೆಗೆದಾಗಿನಿಂದಲೇ ಚಾಚುಗಳು ಬಾಗತೊಡಗಿದವು. ಕೊನೆಗೆ 2002ರಲ್ಲಿ ಉಕ್ಕಿನ ಕೇಬಲ್ ಬಿಗಿದು ಅವನ್ನು ತಡೆಯಬೇಕಾಯಿತು. ಆ ಮನೆಯ ಪ್ರಸಿದ್ಧ ಬಣ್ಣದ ಪೆನ್ಸಿಲ್ ಚಿತ್ರದಲ್ಲಿ ನೋಟ ಹಳ್ಳದ ಕೆಳಗಿನಿಂದ ಮೇಲಕ್ಕೆ. ಚಾಚು ಹೆಚ್ಚು ದಿಟ್ಟವಾಗಿ ಕಾಣುವುದು ಅಲ್ಲಿಂದಲೇ. ಭಾರದ ಪ್ರಶ್ನೆ ಹೊಳೆಯದಿರುವುದೂ ಅಲ್ಲಿಂದಲೇ.

ನನ್ನ ಒಲವು ಶ್ರೀಲಂಕಾದ ಜೆಫ್ರಿ ಬಾವಾ ಕಡೆಗೆ. ದಂಬುಲ್ಲ ಬಳಿಯ ಕಂದಲಮ ಹೋಟೆಲು (1994) ಬೆಟ್ಟದ ಬಂಡೆಯನ್ನು ಅಪ್ಪಿಕೊಂಡು ಉದ್ದಕ್ಕೂ ಸಾಗುತ್ತದೆ. ಓಣಿಯ ಒಂದು ಬದಿಗೆ ಕೋಣೆಗಳು, ಇನ್ನೊಂದು ಬದಿಗೆ ಬರಿ ಬಂಡೆ. ಕಟ್ಟಡ ಕಾಲಂಗಳ ಮೇಲೆ ಎತ್ತಿ ನಿಂತಿರುವುದರಿಂದ ಮಳೆನೀರು ಅಡಿಯಲ್ಲಿ ತನ್ನ ಪಾಡಿಗೆ ಹರಿದು ಹೋಗುತ್ತದೆ. ಬಳ್ಳಿಗಳು ಮುಂಭಾಗವನ್ನೆಲ್ಲ ಮುಚ್ಚಿವೆ. ಬಾವಾ ಕಚೇರಿಯ ನಕ್ಷೆಗಳಲ್ಲಿ ಮರಗಳಿಗೂ ಗೋಡೆಗಳಷ್ಟೇ ಮರ್ಯಾದೆ. ಕಲಾವಿದ ಲಕಿ ಸೇನಾನಾಯಕೆ ಅಲ್ಲಿ ಎಲೆ ಎಲೆಯಾಗಿ ಮರ ಬಿಡಿಸುತ್ತಿದ್ದರು. ನಿವೇಶನದಲ್ಲಿ ಏನಿದೆಯೆಂದು ಬರೆದು ಬರೆದೇ ತಿಳಿಯುವ ಕ್ರಮ ಅದು. ಗೋಕಾಕದಲ್ಲೂ ಇಂಥ ಸಂಯಮದ ಪಾಠ ಕಣ್ಣೆದುರಿಗೇ ಇದೆ: ಸುಮಾರು 200 ಮೀಟರ್ ಉದ್ದದ ತೂಗುಸೇತುವೆ. ನದಿಯ ಬಂಡೆಹಾಸನ್ನು ನಡುವೆ ಎಲ್ಲೂ ಮುಟ್ಟದೆ ಆ ದಡದಿಂದ ಈ ದಡಕ್ಕೆ ದಾಟಿಬಿಡುತ್ತದೆ. ಪಕ್ಕದಲ್ಲಿ 1887ರಿಂದ ಬೀಳುವ ನೀರಿನ ಬಲದಲ್ಲೇ ನಡೆದ ಮಿಲ್ಲು, ದಡದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ. ಮೂರೂ ಅಂಚಿನವೇ, ಮೂರರ ಗುಣವೂ ಬೇರೆ.

ಇನ್ನು ರೆಂಡರಿಂಗ್, ಅಂದರೆ ಕಟ್ಟಿದ ಮೇಲೆ ಕಟ್ಟಡ ಹೇಗೆ ಕಾಣುತ್ತದೆಂದು ತೋರಿಸುವ ಚಿತ್ರ. ಇದನ್ನು ಕೊನೆಯ ರಾತ್ರಿಯ ಅಲಂಕಾರ ಎಂದುಕೊಂಡವರೇ ಹೆಚ್ಚು. ಬಲ್ಲವರಿಗೆ ಅದು ವಿನ್ಯಾಸದ ಪರೀಕ್ಷೆ. ಮೊದಲು ಬಣ್ಣವೇ ಇಲ್ಲದೆ, ಎಲ್ಲವನ್ನೂ ಬಿಳಿಯಾಗಿಟ್ಟು ಬರಿ ಬಿಸಿಲು ನೆರಳಿನಲ್ಲಿ ನೋಡುತ್ತಾರೆ. ಸಾಫ್ಟ್‌ವೇರಿಗೆ ಅಕ್ಷಾಂಶ ಕೊಡಬೇಕು: ಗೋಕಾಕಕ್ಕೆ ಸುಮಾರು 16.2 ಡಿಗ್ರಿ ಉತ್ತರ. ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಜೂನ್ 21ಕ್ಕೆ ನೆತ್ತಿ ದಾಟಿ ಏಳು ಡಿಗ್ರಿಯಷ್ಟು ಉತ್ತರಕ್ಕೆ ಹೋಗಿರುತ್ತಾನೆ. ಕಡಿದಾದ ಬಂಡೆ ಉತ್ತರಕ್ಕೆ ಮುಖ ಮಾಡಿದ್ದರೆ ಅದರ ಮಡಿಲಿನ ಕೋಣೆಗೆ ಚಳಿಗಾಲವಿಡೀ ನೇರ ಬಿಸಿಲಿಲ್ಲ. ಅಲ್ಲಿ ಡಿಸೆಂಬರಿನ ಹೊಂಬಿಸಿಲು ಚೆಲ್ಲಿದ ಚಿತ್ರ ಎಷ್ಟೇ ಚೆಂದವಿದ್ದರೂ ಸುಳ್ಳು.

ಕಲ್ಲಿನ ಮೈ ತರುವುದು ಇನ್ನೂ ನಾಜೂಕು. ಬಂಡೆಯ ಫೋಟೋವನ್ನು ಮೋಡದ ದಿನವೇ ತೆಗೆಯಬೇಕು. ಬಿಸಿಲಿನಲ್ಲಿ ತೆಗೆದರೆ ಫೋಟೋದೊಳಗಿನ ನೆರಳು ಒಂದು ದಿಕ್ಕಿಗೆ, ಮಾಡೆಲಿನ ನೆರಳು ಇನ್ನೊಂದು ದಿಕ್ಕಿಗೆ ಬಿದ್ದು ಕಣ್ಣು ತಕ್ಷಣ ಅನುಮಾನಿಸುತ್ತದೆ. ಒಣ ಮರಳುಗಲ್ಲು ಬೆಳಕನ್ನು ಚದುರಿಸುತ್ತದೆ. ನೆನೆದದ್ದು ಕಪ್ಪಾಗುತ್ತದೆ, ಹೊಳೆಯುತ್ತದೆ. ಜುಲೈ ತಿಂಗಳ ಚಿತ್ರವಾದರೆ ತುಂತುರು ತಾಗುವಷ್ಟು ದೂರ ಎಲ್ಲ ನೆನೆದಿರಬೇಕು, ಗಾಜಿನ ಕಿಟಕಿ ಸೇರಿ. ನದಿಯೂ ತಿಳಿನೀಲಿ ಆಗಿರಬಾರದು. ಮಳೆಗಾಲದ ಘಟಪ್ರಭೆಯದು ಕೆಂಪು ಮಣ್ಣಿನ ಬಣ್ಣ. ನೋಟ ಎಲ್ಲಿಂದ ಎಂಬುದೂ ಪ್ರಾಮಾಣಿಕತೆಯ ಪ್ರಶ್ನೆ. ಹದ್ದಿನ ಎತ್ತರದಿಂದ ಯಾವ ಕಟ್ಟಡವೂ ಮುದ್ದಾಗಿಯೇ ಕಾಣುತ್ತದೆ. ತೂಗುಸೇತುವೆಯ ಮೇಲೆ ನಿಂತವನ ಕಣ್ಣೆತ್ತರದಲ್ಲಿ ಕ್ಯಾಮೆರಾ ಇಟ್ಟಾಗಲೂ ಬಂಡೆಯೇ ಮೊದಲು ಕಂಡು, ಮನೆ ಆಮೇಲೆ ಕಂಡರೆ ಆ ವಿನ್ಯಾಸ ಗೆದ್ದಂತೆ. ಅಳತೆ ತಿಳಿಯಲೆಂದು ನಿಲ್ಲಿಸುವ ಮನುಷ್ಯರು ಸಾಫ್ಟ್‌ವೇರಿನ ಜೊತೆಗೇ ಬರುತ್ತಾರೆ, ಹೆಚ್ಚಿನವರು ಉದ್ದ ಕೋಟು ತೊಟ್ಟವರು. ಅವರನ್ನು ತೆಗೆದು ಹೆಗಲ ಮೇಲೆ ಟವೆಲ್ ಹಾಕಿದ ಹಿರಿಯರನ್ನೋ ಕಾಲೇಜು ಬ್ಯಾಗಿನ ಹುಡುಗಿಯನ್ನೋ ಕತ್ತರಿಸಿ ಹಚ್ಚುವ ವಿದ್ಯಾರ್ಥಿಯನ್ನು ಕಂಡರೆ ನನಗೆ ಹೆಚ್ಚು ಭರವಸೆ.

ವಿದ್ಯಾರ್ಥಿಗಳ ಕೆಲಸವನ್ನು ಪರೀಕ್ಷಿಸುವ ಜ್ಯೂರಿಯ ದಿನ ದೊಡ್ಡ ಬಣ್ಣದ ಹಾಳೆಯ ಮುಂದೆ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ, ನಿಲ್ಲಲೇಬೇಕು. ಆಮೇಲೆ ಯಾರಾದರೊಬ್ಬರು ಕೇಳುವುದು ಒಂದೇ: ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಬಂಡೆಯಲ್ಲಿ ಇಂಗುಗುಂಡಿ ತೋಡಿದರೆ ಹೊಲಸು ಬಿರುಕಿನ ಗುಂಟ ಇಳಿದು ಹೊಳೆ ಸೇರುತ್ತದೆ. ಮೇಲಿನ ಸಮತಟ್ಟಿಗೆ ಪಂಪಿನಿಂದ ಎತ್ತಬೇಕು, ಅಲ್ಲಿ ಶುದ್ಧ ಮಾಡಿ ಗಿಡಗಳಿಗೆ ಬಿಡಬೇಕು. ಆ ಪೈಪು ರೆಂಡರಿಂಗಿನಲ್ಲಿ ಕಾಣುವುದಿಲ್ಲ. ಎಲ್ಲರ ಕಣ್ಣು ಮತ್ತೆ ಸೆಕ್ಷನ್ ಹಾಳೆಯತ್ತ ಹೊರಳುತ್ತದೆ.